ಓವನ್‌ನಲ್ಲಿ ಬಿಳಿ ಮೀನು: ಒಣಗಬಾರದು, ಸಪ್ಪೆಯಾಗಬಾರದು

ನಮ್ಮ ಕಡೆ ಮೀನಿಗೆ ಇರುವುದು ಎರಡೇ ದಾರಿ. ಒಂದೋ ಸಾರಿಗೆ ಬೀಳಬೇಕು, ಇಲ್ಲವೇ ಕಾವಲಿ ಮೇಲೆ ಚುಂಯ್ ಅನ್ನಬೇಕು. ಓವನ್‌ನಲ್ಲಿ ಬೇಯಿಸಿದ ಮೀನು ಎಂದರೆ ಸಾಕು, "ಅಯ್ಯೋ, ಆಸ್ಪತ್ರೆ ಊಟ" ಎಂದು ಮೂಗು ಮುರಿಯುವವರೇ ಜಾಸ್ತಿ. ಹಾಗೆ ಅನ್ನುವುದರಲ್ಲಿ ಸುಳ್ಳೇನೂ ಇಲ್ಲ. ಸುಮಾರು ಮನೆಗಳಲ್ಲಿ ಅದು ಹಾಗೆಯೇ ಆಗುತ್ತದೆ: ಮೇಲೆ ಹಸಿ ಮಸಾಲೆ, ಕೆಳಗೆ ನೀರು, ನಡುವೆ ಹತ್ತಿ ತಿಂದ ಹಾಗೆ ಒಣಕಲು ಮೀನು.

ಇದು ಮೀನಿನ ತಪ್ಪಲ್ಲ. ಬಿಳಿ ಮೀನು ಓವನ್‌ನಲ್ಲಿ ಕೆಡುವುದು ಎರಡು ಕಾರಣಕ್ಕೆ. ಒಂದು, ಒಳಗೆ ಹೋಗುವ ಮೊದಲು ಅದರ ನೀರು ತೆಗೆದಿರುವುದಿಲ್ಲ. ಇನ್ನೊಂದು, ಹೊರಗೆ ತೆಗೆಯುವುದು ತಡವಾಗಿರುತ್ತದೆ. ಇವೆರಡನ್ನು ನೋಡಿಕೊಂಡರೆ ಬಾಕಿ ಎಲ್ಲ ನಿಮ್ಮ ಇಷ್ಟ.

ಬಿಳಿ ಮೀನು ಎಂದರೆ ಯಾವುದು

ಕಾಡ್, ಹ್ಯಾಡಕ್‌ನಂಥ ಮೀನುಗಳು ಕೊಬ್ಬನ್ನು ಪಿತ್ತಜನಕಾಂಗದಲ್ಲಿ ಕೂಡಿಡುತ್ತವೆ. ಕಾಡ್ ಲಿವರ್ ಆಯಿಲ್ ಬರುವುದು ಅಲ್ಲಿಂದಲೇ. ಹಾಗಾಗಿ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಬಿಳಿ ಮೀನು ಎಂದರೆ ಇಂಥವೇ. 100 ಗ್ರಾಂ ಹಸಿ ಕಾಡ್‌ನಲ್ಲಿ ಒಂದು ಗ್ರಾಂ ಕೂಡ ಇರುವುದಿಲ್ಲ, ಪ್ರೊಟೀನ್ ಮಾತ್ರ ಸುಮಾರು 18 ಗ್ರಾಂ. ನಮ್ಮ ಬಂಗುಡೆ, ಭೂತಾಯಿ ಇದಕ್ಕೆ ತದ್ವಿರುದ್ಧ. ಅವುಗಳ ಎಣ್ಣೆ ಮಾಂಸದಲ್ಲೇ ಇರುತ್ತದೆ. ಎರಡು ನಿಮಿಷ ಜಾಸ್ತಿ ಬೆಂದರೂ ಆ ಎಣ್ಣೆ ಅವನ್ನು ಕಾಪಾಡುತ್ತದೆ. ಬಿಳಿ ಮೀನಿಗೆ ಆ ರಕ್ಷಣೆ ಇಲ್ಲ.

ಹಾಗೆಂದು ಆರೋಗ್ಯಕ್ಕೆ ಬಿಳಿ ಮೀನೇ ದೊಡ್ಡದು ಎಂದುಕೊಳ್ಳಬೇಡಿ. ಒಮೆಗಾ-3 ಬೇಕಿದ್ದರೆ ಅಗ್ಗದ ಭೂತಾಯಿಯೇ ಮೇಲು. ರಾತ್ರಿ ಹೊಟ್ಟೆಗೆ ಹಗುರಾಗಿ, ಎಣ್ಣೆ ಕಡಿಮೆ ಇರುವ, ಮಕ್ಕಳೂ ಮುಳ್ಳಿನ ಭಯವಿಲ್ಲದೆ ತಿನ್ನುವ ಊಟ ಬೇಕಾದಾಗ ಬಿಳಿ ಮೀನು ಸರಿ. ವಾರದಲ್ಲಿ ಒಂದು ದಿನ ಇದು, ಇನ್ನೊಂದು ದಿನ ಬಂಗುಡೆ ಎಂದು ಇಟ್ಟುಕೊಳ್ಳಿ.

ಮಂಗಳೂರು, ಉಡುಪಿ ಕಡೆಯವರಿಗೆ ಓವನ್‌ಗೆ ಒಳ್ಳೆಯದು ಮುರು ಮೀನು (ರೀಫ್ ಕಾಡ್). ದಪ್ಪ ತುಂಡು ಬರುತ್ತದೆ, ಬೆಂದ ಮೇಲೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಗಲ್ಫ್‌ನಲ್ಲಿರುವವರು ಹಮ್ಮೂರ್ ಎಂದು ತರುವುದು ಇದರ ಬಳಗದ್ದೇ. ಕೊಡ್ಡಾಯಿಯೂ ಆಗುತ್ತದೆ, ಅದು ಸ್ವಲ್ಪ ಮೆದು. ಬಿಳಿ ಮಾಂಜಿ ಅಂದರೆ ಪಾಂಫ್ರೆಟ್ ಇಡೀ ಮೀನಾಗಿಯೇ ಚೆಂದ. ಕಾಣೆ ಮೀನನ್ನು (ಲೇಡಿ ಫಿಶ್) ಮಾತ್ರ ದಯವಿಟ್ಟು ಓವನ್‌ಗೆ ತಳ್ಳಬೇಡಿ. ಅಷ್ಟು ಸಣ್ಣ, ಅಷ್ಟು ನಾಜೂಕಿನ ಮೀನು ಒಳಗೆ ಹೋದರೆ ಮಸಾಲೆ ಬಿಸಿಯಾಗುವ ಮೊದಲೇ ಒಣಗುತ್ತದೆ. ಅದು ರವಾ ಫ್ರೈಗೇ ಹುಟ್ಟಿದ್ದು. ಅಂಜಲ್ ಹಾಕಬಹುದು, ಆದರೆ ಅದು ಪಕ್ಕಾ ಬಿಳಿ ಮೀನಲ್ಲ, ತೆಳ್ಳಗೆ ಕೊಯ್ದರೆ ಬೇಗ ಬಿರುಸಾಗುತ್ತದೆ.

ಬೆಂಗಳೂರು, ಮೈಸೂರಿನಲ್ಲಿ ಸುಲಭಕ್ಕೆ ಸಿಗುವುದು ಬಾಸಾ. ಹೆಚ್ಚಿನದು ವಿಯೆಟ್ನಾಮ್‌ನ ಮೆಕಾಂಗ್ ನದಿ ಬಯಲಿನಲ್ಲಿ ಸಾಕಿದ್ದು, ಫ್ರೀಜ್ ಆಗಿ ಬರುತ್ತದೆ. ಮುಳ್ಳಿಲ್ಲ, ವಾಸನೆ ಇಲ್ಲ, ರುಚಿಯೂ ಹೆಚ್ಚೇನಿಲ್ಲ. ಕೊಳ್ಳುವಾಗ ಪ್ಯಾಕೆಟ್ ಹಿಂದೆ ಓದಿ. ಮೇಲಿನ ಮಂಜುಗಡ್ಡೆ ಬಿಟ್ಟು ಮೀನಿನ ತೂಕ ಎಷ್ಟು ಎಂದು ನೋಡಿ. ನೀರು ಹಿಡಿದಿಡಲು ಫಾಸ್ಫೇಟ್ ಸೇರಿಸಿದ್ದರೆ ಅದನ್ನೂ ಬರೆದಿರುತ್ತಾರೆ. ಅಂಥದ್ದು ಓವನ್‌ನಲ್ಲಿ ಬಹಳ ನೀರು ಬಿಡುತ್ತದೆ, ಫಾಸ್ಫೇಟ್ ಇಲ್ಲದ್ದನ್ನೇ ಆರಿಸಿಕೊಳ್ಳಿ. ರೋಹು, ಕಾಟ್ಲಾದಲ್ಲಿ ಸಣ್ಣ ಮುಳ್ಳು ಜಾಸ್ತಿ, ಅವು ಸಾರಿಗೇ ಇರಲಿ. ಇಂಗ್ಲೆಂಡ್, ಅಮೆರಿಕದಲ್ಲಿ ಇರುವವರಿಗೆ ಕಾಡ್, ಹ್ಯಾಡಕ್, ಹೇಕ್ ಯಾವುದಾದರೂ ನಡೆಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಕರ್ನಾಟಕದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆಮೇಲೆ ಆ ಕಡೆಯ ಮೀನು ಐಸ್‌ನಲ್ಲಿ ಬರುತ್ತದೆ. ದೂರದಿಂದ ಬಂದ, ಕಣ್ಣು ಮಂಕಾದ ಮೀನಿಗಿಂತ ಆ ಎರಡು ತಿಂಗಳು ಒಳ್ಳೆಯ ಫ್ರೀಜ್ ಮೀನೇ ವಾಸಿ. ತಾಜಾ ಮೀನು ತರುವಾಗ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಬೆರಳಿನಲ್ಲಿ ಒತ್ತಿದ ಗುಳಿ ತಕ್ಷಣ ಮೇಲೆ ಬರಬೇಕು. ವಾಸನೆ ಕಡಲಿನದ್ದಾಗಿರಬೇಕು, ಅದಕ್ಕಿಂತ ಜಾಸ್ತಿ ಹೊಡೆದರೆ ಬೇಡ ಎನ್ನಿ.

ನಾಲ್ಕು ಜನರಿಗೆ ಬೇಕಾಗುವುದು

ಚರ್ಮ, ಮುಳ್ಳು ತೆಗೆದ ಮೀನು 600 ಗ್ರಾಂ. ಇಡೀ ಮೀನು ತಂದು ಬಿಡಿಸುವುದಾದರೆ ಸುಮಾರು ಒಂದೂವರೆ ಕಿಲೋ ಬೇಕು, ತಲೆ, ಮುಳ್ಳಿಗೇ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. (ಆ ತಲೆಯನ್ನು ಬಿಸಾಡಬೇಡಿ, ಮರುದಿನದ ಸಾರು ಅದರಲ್ಲೇ ಇದೆ.) ಅಂಗಡಿಯಲ್ಲೇ ಬಿಡಿಸಿಕೊಡಲು ಹೇಳಿ. ತುಂಡುಗಳು ಎರಡು, ಎರಡೂವರೆ ಸೆಂಟಿಮೀಟರ್ ದಪ್ಪ ಇರಲಿ, ಎಲ್ಲವೂ ಒಂದೇ ದಪ್ಪ ಇರಲಿ. ಬಾಲದ ಕಡೆಯ ತೆಳುವಾದ ತುದಿಯನ್ನು ಕೆಳಗೆ ಮಡಚಿಟ್ಟರೆ ಅದೂ ಉಳಿದದ್ದರ ಜೊತೆಗೇ ಬೇಯುತ್ತದೆ.

ಮಸಾಲೆಗೆ: ಬ್ಯಾಡಗಿ ಮೆಣಸು 8, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 8, ಬೆಳ್ಳುಳ್ಳಿ 6 ಎಸಳು, ಗೋಲಿಯಷ್ಟು ಹುಣಸೆಹಣ್ಣು, ಚಿಟಿಕೆ ಅರಿಶಿನ, ಒಂದೂವರೆ ದೊಡ್ಡ ಚಮಚ ತೆಂಗಿನೆಣ್ಣೆ.

ಜೊತೆಗೆ: ಮಧ್ಯಮ ಆಲೂಗಡ್ಡೆ 3, ದೊಡ್ಡ ಈರುಳ್ಳಿ 1, ಟೊಮೆಟೊ 2, ಒಂದು ಹಿಡಿ ಬೀನ್ಸ್ ಅಥವಾ ಒಂದು ದೊಣ್ಣೆಮೆಣಸು, ಒಂದು ದೊಡ್ಡ ಚಮಚ ಎಣ್ಣೆ, ಉಪ್ಪು, ನಿಂಬೆಹಣ್ಣು.

ಎಣ್ಣೆ ಎಲ್ಲ ಸೇರಿ ಎರಡೂವರೆ ದೊಡ್ಡ ಚಮಚ. ತಲೆಗೆ ಒಂಬತ್ತು ಗ್ರಾಂ ಹತ್ತಿರ ಬರುತ್ತದೆ. ಇದಕ್ಕಿಂತ ಕಡಿಮೆ ಮಾಡಲು ಹೋಗಬೇಡಿ. ಎಣ್ಣೆಯೇ ಇಲ್ಲದಿದ್ದರೆ ಮಸಾಲೆಯ ಘಮ ಏಳುವುದಿಲ್ಲ, ಮೀನಿನ ಮೇಲ್ಭಾಗ ತೊಗಲಿನಂತಾಗುತ್ತದೆ. ಇನ್ನು ಮೇಲೆ ಒಂದು ಹಿಡಿ ಚೀಸ್ ಉದುರಿಸಿ, ಕ್ರೀಮ್ ಸುರಿದು ಅದನ್ನು ಡಯಟ್ ಊಟ ಎಂದು ಕರೆಯುವವರಿಗೆ ನಾನೇನೂ ಹೇಳುವುದಿಲ್ಲ. ರುಚಿಯಂತೂ ಇರುತ್ತದೆ ಬಿಡಿ.

1. ಫ್ರೀಜ್ ಮೀನನ್ನು ಹಿಂದಿನ ರಾತ್ರಿಯೇ ಇಳಿಸಿ

ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡಿ. ಗಾಳಿ ತೆಗೆದು ಮುಚ್ಚಿದ ಪ್ಯಾಕೆಟ್ ಆದರೆ ಮೊದಲು ಕತ್ತರಿಸಿ ತೆರೆದು, ಆಮೇಲೆ ಕರಗಲು ಬಿಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಅಪಾಯಕಾರಿ ಬ್ಯಾಕ್ಟೀರಿಯಾಗೆ ಹಾಗೆ ಎಡೆ ಕೊಡಬಾರದು. ಮರೆತುಹೋಯಿತು, ಸಂಜೆಯಾಯಿತು ಎಂದಾದರೆ ನೀರು ಒಳಗೆ ಹೋಗದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಕರಗುತ್ತದೆ, ಕರಗಿದ ಕೂಡಲೇ ಬೇಯಿಸಿ. ಬಿಸಿನೀರು ಬೇಡ, ಕಟ್ಟೆಯ ಮೇಲೆ ಹಾಗೇ ಬಿಡುವುದೂ ಬೇಡ.

2. ಉಪ್ಪು ಹಚ್ಚಿ, ನೀರು ತೆಗೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಊಟ ಕೆಡುವುದು ಇಲ್ಲೇ. ತುಂಡುಗಳಿಗೆ ಎರಡೂ ಕಡೆ ಸೇರಿ ಒಂದು ಚಮಚ ಉಪ್ಪು ಸವರಿ, ತಟ್ಟೆಯಲ್ಲಿ ಹರಡಿ, 15 ನಿಮಿಷ ಫ್ರಿಜ್‌ನಲ್ಲಿಡಿ. ತೆಗೆದು ನೋಡಿ. ಬಾಸಾ ಆದರೆ ತಟ್ಟೆಯನ್ನು ಓರೆ ಮಾಡಿದಾಗ ಮೂಲೆಗೆ ನೀರು ಹರಿದು ನಿಲ್ಲುತ್ತದೆ. ಇಷ್ಟು ನೀರು ಟ್ರೇಯಲ್ಲೇ ಬಿಡುಗಡೆ ಆಗಿದ್ದರೆ ಮೀನು ಅದರಲ್ಲೇ ಕುದಿಯುತ್ತಿತ್ತು, ಮಸಾಲೆ ಜಾರಿ ಕೆಳಗಿಳಿಯುತ್ತಿತ್ತು. ಆ ನೀರು ಚೆಲ್ಲಿ. ಒಂದು ಸ್ವಚ್ಛ ಹತ್ತಿ ಬಟ್ಟೆ ಇಲ್ಲವೇ ಟಿಶ್ಯೂದಲ್ಲಿ ಪ್ರತಿ ತುಂಡನ್ನೂ ಒತ್ತಿ ಒರೆಸಿ. ಮೇಲ್ಮೈ ಬೆರಳಿಗೆ ಜಾರದೆ, ಸ್ವಲ್ಪ ಅಂಟಿದಂತೆ ಆಗಬೇಕು. ಅಲ್ಲಿಯವರೆಗೆ ಒರೆಸಿ.

ಉಪ್ಪಿನಿಂದ ಇನ್ನೊಂದು ಉಪಕಾರ ಇದೆ. ಓವನ್‌ನಲ್ಲಿ ಮೀನಿನ ಮೇಲೆ ಬಿಳಿ ಗಸಿಯಂಥದ್ದು ಉಕ್ಕಿ ಬರುತ್ತದಲ್ಲ, ಅದು ಹೊರಗೆ ಬಂದು ಗಟ್ಟಿಯಾದ ಪ್ರೊಟೀನ್. ತಿಂದರೆ ಏನೂ ಆಗುವುದಿಲ್ಲ, ನೋಡಲು ಮಾತ್ರ ಚೆನ್ನಾಗಿರುವುದಿಲ್ಲ. ಮೊದಲೇ ಉಪ್ಪು ಹಚ್ಚಿದರೆ ಅದು ಕಡಿಮೆ. ಈ ಉಪ್ಪಿನಲ್ಲೇ ಮೀನಿಗೆ ಬೇಕಾದ್ದು ಬಂತು, ಮಸಾಲೆಗೆ ಚಿಟಿಕೆಗಿಂತ ಜಾಸ್ತಿ ಹಾಕಬೇಡಿ.

ನಿಂಬೆರಸವನ್ನು ಈಗ ಹಿಂಡಬೇಡಿ. ಹುಳಿಯಲ್ಲಿ ಗಂಟೆಗಟ್ಟಲೆ ನೆನೆದ ಬಿಳಿ ಮೀನು ಓವನ್‌ಗೆ ಹೋಗುವ ಮೊದಲೇ ಅರ್ಧ ಬೆಂದಂತಾಗಿ ಸುಣ್ಣದ ಹಾಗೆ ಪುಡಿಪುಡಿಯಾಗುತ್ತದೆ. ನಿಂಬೆ ತಟ್ಟೆಗೆ ಬಂದ ಮೇಲೆ.

3. ಮಸಾಲೆಯನ್ನು ಒಲೆಯ ಮೇಲೆ ಮೊದಲೇ ಹುರಿಯಿರಿ

ಕಾವಲಿಯಲ್ಲಿ ಮೀನು ಹುರಿಯುವಾಗ ಮಸಾಲೆ ನೇರವಾಗಿ ಬಿಸಿ ಎಣ್ಣೆಗೆ ತಾಗುತ್ತದೆ, ಹಸಿ ವಾಸನೆ ಹೋಗುತ್ತದೆ. ಓವನ್‌ನಲ್ಲಿ ಹಾಗಾಗುವುದಿಲ್ಲ. ಹನ್ನೆರಡು ನಿಮಿಷದಲ್ಲಿ ಮೀನು ಬೇಯುತ್ತದೆ, ಹಸಿ ಬೆಳ್ಳುಳ್ಳಿ ಬೇಯುವುದಿಲ್ಲ. ಬೆಳ್ಳುಳ್ಳಿ ಬೇಯಲಿ ಎಂದು ಕಾದರೆ ಮೀನು ಒಣಗುತ್ತದೆ. ಆದ್ದರಿಂದ ಇವೆರಡನ್ನು ಬೇರೆ ಬೇರೆ ಬೇಯಿಸಬೇಕು.

ಮೆಣಸನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸನ್ನು ಬೆಚ್ಚಗಾಗುವಷ್ಟು ಹುರಿದುಕೊಂಡು, ಎಲ್ಲ ಸೇರಿಸಿ ನುಣ್ಣಗೆ ಅರೆಯಿರಿ. ಪುಳಿಮುಂಚಿಗೆ (ಕರಾವಳಿಯ ಹುಳಿ-ಖಾರದ ಮೀನು ಸಾರು) ಅರೆಯುವ ಹಾಗೆಯೇ, ಆದರೆ ಗಟ್ಟಿಯಾಗಿ; ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸಣ್ಣ ಬಾಣಲೆಯಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ, ಅರೆದದ್ದು ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಬಿಡದೆ ಆಡಿಸಿ. ಬಣ್ಣ ಒಂದು ಛಾಯೆ ಕಪ್ಪಾಗುತ್ತದೆ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ, ಮೂಗಿಗೆ ಹೊಡೆಯುತ್ತಿದ್ದ ಘಾಟು ಹೋಗಿ ಘಮ ಬರುತ್ತದೆ. ಇಳಿಸಿ ಪೂರ್ತಿ ಆರಲು ಬಿಡಿ. ಬಿಸಿ ಮಸಾಲೆಯನ್ನು ತಣ್ಣಗಿನ ಮೀನಿಗೆ ಹಚ್ಚಬೇಡಿ.

ಖಾರ ಬೇಡದ ಮಕ್ಕಳಿಗೆ ಎರಡು ತುಂಡು ಬೇರೆ ಇಡಿ. ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಅರೆಕ್ಷಣ ಬಾಡಿಸಿ, ಕುಟ್ಟಿದ ಕಾಳುಮೆಣಸು, ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಿ ಸವರಿದರೆ ಆಯಿತು.

4. ತರಕಾರಿ ಮೊದಲು, ಮೀನು ಆಮೇಲೆ

ಮೀನು ಮತ್ತು ಆಲೂಗಡ್ಡೆಯನ್ನು ಒಟ್ಟಿಗೇ ಇಡುವಂತೆ ಹೇಳುವ ಪಾಕವಿಧಾನ ಕಂಡರೆ ನಂಬಬೇಡಿ. ಅವೆರಡರ ಬೇಯುವ ಹೊತ್ತು ಒಂದೇ ಅಲ್ಲವೇ ಅಲ್ಲ.

ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ಆದರೆ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, 220 ಡಿಗ್ರಿ ಸೆಲ್ಸಿಯಸ್‌ಗೆ ತಿರುಗಿಸಿ, 15 ನಿಮಿಷ ಖಾಲಿ ಕಾಯಿಸಿ. ಮೈಕ್ರೋವೇವ್ ಇರುವವರು ಕನ್ವೆಕ್ಷನ್ ಮೋಡ್‌ನಲ್ಲಿ 200 ಡಿಗ್ರಿಗೆ ಇಡಿ, ಫ್ಯಾನ್ ಇರುವುದರಿಂದ ಅಷ್ಟು ಸಾಕು. ಓಟಿಜಿಯ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಬಿಸಿಗೂ ಎಷ್ಟೋ ಸಲ ಹೊಂದುವುದಿಲ್ಲ. ಒಳಗೆ ತೂಗಿಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಅನುಮಾನ ಮುಗಿಯುತ್ತದೆ.

ಟ್ರೇಗೆ ಬೇಕಿಂಗ್ ಪೇಪರ್ ಹಾಸಿ. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೊಡುವ ತೆಳುವಾದ ಹಾಳೆ ಎಲ್ಲವೂ ಓವನ್‌ಗೆ ಆಗುವುದಿಲ್ಲ, ಮೀನಿಗೆ ಅಂಟಿಕೊಳ್ಳುತ್ತದೆ, ಹೊಗೆಯಾಡುತ್ತದೆ. ಪೊಟ್ಟಣದ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಬರೆದಿರುವುದನ್ನು ನೋಡಿ. ಆಲೂಗಡ್ಡೆಯನ್ನು ಅರ್ಧ ಸೆಂಟಿಮೀಟರ್ ಬಿಲ್ಲೆಗಳಾಗಿ, ಈರುಳ್ಳಿಯನ್ನು ದಪ್ಪ ಹೋಳಾಗಿ ಕತ್ತರಿಸಿ, ಎಣ್ಣೆ, ಉಪ್ಪು ಕಲಸಿ ಹರಡಿ. 25 ನಿಮಿಷ ಬೇಯಲಿ, ನಡುವೆ ಒಂದು ಸಲ ತಿರುವಿ ಹಾಕಿ. ಬೀನ್ಸ್ ಅಥವಾ ದೊಣ್ಣೆಮೆಣಸನ್ನು ಕೊನೆಯ ಹತ್ತು ನಿಮಿಷಕ್ಕೆ ಸೇರಿಸಿ.

ಇದರಿಂದ ಇನ್ನೊಂದು ಲಾಭ: ಟ್ರೇ ಕಾದಿರುತ್ತದೆ. ಅದರ ಮೇಲೆ ಇಟ್ಟ ಮೀನಿನ ತಳ ಮೊದಲ ನಿಮಿಷದಿಂದಲೇ ಬೇಯುತ್ತದೆ, ಒದ್ದೆಯಾಗಿ ಕೂರುವುದಿಲ್ಲ.

5. ಮೀನು ಒಳಗೆ, ಕಣ್ಣು ಗಡಿಯಾರದ ಮೇಲೆ

ಆರಿದ ಮಸಾಲೆಯನ್ನು ತುಂಡುಗಳ ಮೇಲ್ಭಾಗ, ಪಕ್ಕಗಳಿಗೆ ತೆಳ್ಳಗೆ ಸವರಿ. ಟ್ರೇ ಹೊರಗೆಳೆದು, ತರಕಾರಿಯನ್ನು ಬದಿಗೆ ಸರಿಸಿ, ನಡುವೆ ಮೀನಿಡಿ. ತುಂಡುಗಳ ನಡುವೆ ಬೆರಳಷ್ಟು ಜಾಗ ಇರಲಿ. ಟೊಮೆಟೊ ಹೋಳುಗಳನ್ನು ತರಕಾರಿಯ ಕಡೆ ಇಡಿ, ಮೀನಿನ ಮೇಲಲ್ಲ. ಅದರ ನೀರು ಇಳಿದರೆ ಇಷ್ಟು ಹೊತ್ತು ಒರೆಸಿದ್ದು ವ್ಯರ್ಥ.

ಒಂದು ಸೆಂಟಿಮೀಟರ್ ದಪ್ಪದ್ದಕ್ಕೆ ಆರೇಳು ನಿಮಿಷ. ಎರಡಕ್ಕೆ ಒಂಬತ್ತರಿಂದ ಹನ್ನೊಂದು. ಎರಡೂವರೆ, ಮೂರಕ್ಕೆ ಹನ್ನೆರಡರಿಂದ ಹದಿನಾಲ್ಕು. ಇದು ಅಂದಾಜು ಅಷ್ಟೇ. ತೂಕ ನೋಡಿ ಹೊತ್ತು ಲೆಕ್ಕ ಹಾಕಬೇಡಿ, ದಪ್ಪ ನೋಡಿ. ಅರ್ಧ ಕಿಲೋ ಆದರೂ ಒಂದು ಕಿಲೋ ಆದರೂ ತುಂಡಿನ ದಪ್ಪ ಒಂದೇ ಇದ್ದರೆ ಹೊತ್ತು ಹೆಚ್ಚುಕಡಿಮೆ ಅಷ್ಟೇ, ಟ್ರೇಯಲ್ಲಿ ಕಿಕ್ಕಿರಿದಿರಬಾರದು.

ಹೇಳಿದ ಹೊತ್ತಿಗೆ ಎರಡು ನಿಮಿಷ ಮೊದಲೇ ನೋಡಲು ಶುರು ಮಾಡಿ. ಹಸಿ ಮೀನಿನ ಒಳಗೆ ಗಾಜಿನಂಥ ಮಬ್ಬು ಹೊಳಪಿರುತ್ತದೆ, ಬೆಂದಂತೆ ಅದು ಹಾಲಿನ ಬಿಳುಪಾಗುತ್ತದೆ. ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಆರಿಸಿ, ಅದರ ನಡುವೆ ಸಣ್ಣ ಚಾಕುವಿನ ತುದಿ ಇಳಿಸಿ, ಮೆಲ್ಲಗೆ ಒಂದು ಕಡೆಗೆ ತಿರುಚಿ. ಪದರಗಳು ತಾವಾಗಿ ಸರಿದು ಬಿಟ್ಟುಕೊಂಡರೆ, ನಟ್ಟನಡುವೆಯೂ ಮಬ್ಬು ಇಲ್ಲದಿದ್ದರೆ, ಬೆಂದಿದೆ. ಚಾಕುವಿಗೆ ತಡೆ ಸಿಕ್ಕಿದರೆ, ಪದರ ಎಳೆದಂತೆ ಅಂಟಿಕೊಂಡರೆ, ಇನ್ನೊಂದು ನಿಮಿಷ. ಒತ್ತುವ ಮೊದಲೇ ಪುಡಿಯಾಗಿ ಉದುರಿದರೆ ಹೊತ್ತು ಮೀರಿತು ಎಂದರ್ಥ. ಅಡುಗೆ ಥರ್ಮಾಮೀಟರ್ ಇದ್ದವರು ದಪ್ಪ ಭಾಗದಲ್ಲಿ ಚುಚ್ಚಿ, 63 ಡಿಗ್ರಿ ಕಂಡ ಕೂಡಲೇ ಹೊರಗೆ ತೆಗೆಯಿರಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಈ ಅಳತೆಯನ್ನು ಅಂದಾಜಿಗೆ ಬಿಡಬೇಡಿ.

ಮೇಲೆ ಕೆಂಪಾಗಲಿ ಎಂದು ಇನ್ನೈದು ನಿಮಿಷ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಮಸಾಲೆ ಮೊದಲೇ ಹುರಿದಾಗಿದೆ, ಬಣ್ಣಕ್ಕೆ ಕಾಯಬೇಕಿಲ್ಲ. ತೀರಾ ಬೇಕೆನಿಸಿದರೆ ಕೊನೆಯ ಒಂದು ನಿಮಿಷ ಮೇಲಿನ ರಾಡ್ ಮಾತ್ರ ಹಾಕಿ, ಬಾಗಿಲ ಮುಂದೆಯೇ ನಿಂತಿರಿ.

ಏರ್ ಫ್ರೈಯರ್ ಇದ್ದರೆ 180 ಡಿಗ್ರಿಯಲ್ಲಿ ಮಾಡಿ, ಹೊತ್ತು ಒಂದೆರಡು ನಿಮಿಷ ಕಡಿಮೆಯಾಗಬಹುದು. ತರಕಾರಿ ಮಾತ್ರ ಬೇರೆ ಬೇಯಿಸಿಕೊಳ್ಳಬೇಕು.

ಇಡೀ ಮೀನು, ಬಾಳೆ ಎಲೆ

400ರಿಂದ 500 ಗ್ರಾಂನ ಮಾಂಜಿ ತಂದರೆ ಹೊಟ್ಟೆ ಶುಚಿ ಮಾಡಿಸಿ, ಎರಡೂ ಬದಿ ಮೂರು ಮೂರು ಗೀರು ಹಾಕಿಸಿ. ಗೀರು ನಡುಮುಳ್ಳು ಮುಟ್ಟುವಷ್ಟು ಆಳ ಇರಲಿ, ಮಸಾಲೆ ಅದರೊಳಗೂ ಹೋಗಲಿ. 220 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಬೆನ್ನಿನ ಹತ್ತಿರ ಮಾಂಸ ಎತ್ತಿದರೆ ಮುಳ್ಳಿನಿಂದ ಸಲೀಸಾಗಿ ಬಿಡಬೇಕು. ಇಡೀ ಮೀನು ಮುಳ್ಳು, ಚರ್ಮದ ಜೊತೆ ಬೇಯುವುದರಿಂದ ತುಂಡಿನಷ್ಟು ಬೇಗ ಒಣಗುವುದಿಲ್ಲ. ಹೊಸಬರಿಗೆ ಇದೇ ಸುಲಭ ಎಂದರೂ ಸರಿ.

ಬಾಳೆ ಎಲೆಯಲ್ಲಿ ಸುತ್ತುವುದು ಬೇರೆಯದೇ ರುಚಿ. ಕೇರಳದವರ ಮೀನ್ ಪೊಳ್ಳಿಚ್ಚದ್, ಪಾರ್ಸಿಗಳ ಪತ್ರಾ ನಿ ಮಚ್ಛಿ ಎರಡೂ ಇದನ್ನೇ ನೆಚ್ಚಿಕೊಂಡಿವೆ. ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿ, ಮೀನಿಟ್ಟು ಮಡಚಿ, ಮಡಿಕೆ ಕೆಳಗೆ ಬರುವಂತೆ ಟ್ರೇಯಲ್ಲಿಡಿ. ನಾಲ್ಕೈದು ನಿಮಿಷ ಜಾಸ್ತಿ ಕೊಡಿ. ಒಳಗೆ ಆವಿಯಲ್ಲಿ ಬೇಯುವುದರಿಂದ ಮೀನು ಮೆತ್ತಗೆ, ರಸವತ್ತಾಗಿ ಇರುತ್ತದೆ. ಬಾಸಾದಂಥ ಸಪ್ಪೆ ಮೀನಿಗೆ ಎಲೆಯ ಪರಿಮಳ ಬಂದರೆ ಅದರ ದರ್ಜೆಯೇ ಏರುತ್ತದೆ.

ಬಡಿಸುವುದು

ಹೊರಗೆ ತೆಗೆದು ಎರಡು ಮೂರು ನಿಮಿಷ ಬಿಡಿ, ಆಮೇಲೆ ಅಗಲವಾದ ಸಟ್ಟುಗದಲ್ಲಿ ಎತ್ತಿ. ನಿಂಬೆ ಈಗ ಹಿಂಡಿ. ತರಕಾರಿಯೇ ತಟ್ಟೆ ತುಂಬುವುದರಿಂದ ಅನ್ನ ಇಲ್ಲದೆಯೂ ಊಟ ಮುಗಿಯುತ್ತದೆ. ನನಗೆ ಮಾತ್ರ ಒಂದು ಹಿಡಿ ಕುಚ್ಚಲಕ್ಕಿ ಅನ್ನ, ಒಂದು ಲೋಟ ಪುನರ್ಪುಳಿ (ಕೋಕಂ) ಸಾರು ಬೇಕು. ನೀರ್ ದೋಸೆಗೂ ಹೊಂದುತ್ತದೆ. ಮುದ್ದೆ ಮಾಡುವವರು ಪಕ್ಕದಲ್ಲಿ ಬಸ್ಸಾರು ಇಟ್ಟುಕೊಳ್ಳಿ, ಸಾರಿಲ್ಲದ ಮೀನಿನ ಜೊತೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಉಳಿದರೆ ಎರಡು ಗಂಟೆಯೊಳಗೆ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ. ಮತ್ತೆ ಓವನ್‌ನಲ್ಲಿ ಬಿಸಿ ಮಾಡಿದರೆ ಮೀನು ಎರಡನೇ ಸಲ ಬೆಂದು ಬಿರುಸಾಗುತ್ತದೆ. ಅದಕ್ಕಿಂತ ಪುಡಿ ಮಾಡಿ, ಉಳಿದ ಆಲೂಗಡ್ಡೆ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ ಕಟ್ಲೆಟ್ ತಟ್ಟಿ, ಕಾವಲಿಗೆ ಒಂದು ಚಮಚ ಎಣ್ಣೆ ಸವರಿ ಎರಡೂ ಕಡೆ ಕೆಂಪಗೆ ಮಾಡಿ. ಬೆಳಗಿನ ಟಿಫಿನ್ ಡಬ್ಬಿಗೆ ಆಯಿತು.